ಬಿಗಿದ ಜಾಲರಿಯ ಲೆಕ್ಕ



ವಿಜ್ಞಾನದ ದತ್ತಿ ಉಪನ್ಯಾಸವೆಂದರೆ ಕಪ್ಪುಕುಳಿಯನ್ನೋ ಕೃತಕ ಬುದ್ಧಿಮತ್ತೆಯನ್ನೋ ಆರಿಸಿಕೊಳ್ಳುವುದು ಈಚಿನ ರೂಢಿ. ನಾನು ಆರಿಸಿಕೊಂಡದ್ದು ತಂತಿ ಜಾಲರಿಯನ್ನು. ಹಾರ್ಡ್‌ವೇರ್ ಅಂಗಡಿಯಲ್ಲಿ ಅಡಿ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಕೋಳಿ ಜಾಲರಿಯೂ ಇದರಲ್ಲಿ ಬರುತ್ತದೆ, ಚಿನ್ನದ ಲೇಪ ಕೊಟ್ಟು ಉಪಗ್ರಹಕ್ಕೆ ಕಟ್ಟಿ ಕಳಿಸುವ ಜಾಲರಿಯೂ ಬರುತ್ತದೆ. ಇವನ್ನು ಎಳೆದು ಬಿಗಿದಾಗ ರೇಡಿಯೋ ತರಂಗವನ್ನು ಎಷ್ಟು ಹಿಂದಿರುಗಿಸುತ್ತವೆ, ಎಷ್ಟನ್ನು ಬಿಟ್ಟುಕೊಡುತ್ತವೆ, ಅದನ್ನು ಕಟ್ಟುವ ಮೊದಲೇ ಕಾಗದದ ಮೇಲೆ ಹೇಳುವುದು ಹೇಗೆ ಎಂಬುದು ಇವತ್ತಿನ ವಿಷಯ.

ನಮ್ಮ ಕಡೆಯ ಊರುಗಳಿಂದಲೇ ಶುರು ಮಾಡೋಣ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಒಂದು ವರ್ಷ, ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿ.ವಿ. ಬಂತು. ‘ಸೈಟ್’ ಎಂದು ಕರೆದ ಆ ಪ್ರಯೋಗದಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಅಂದಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಅರವತ್ತು ದಾಟಿದವರಲ್ಲಿ ಕೆಲವರಿಗೆ ನೆನಪಿರಬಹುದು: ಶಾಲೆಯ ಬಳಿ ಮೂರು ಮೀಟರ್ ಅಗಲದ ಒಂದು ಬೋಗುಣಿ, ಒಳಗೆ ಟಿ.ವಿ. ಪೆಟ್ಟಿಗೆ, ಸಂಜೆಯಾದರೆ ಊರೇ ಅದರ ಮುಂದೆ. ಆ ಬೋಗುಣಿಯ ಮೈ ಕೋಳಿ ಜಾಲರಿಯದು. ಅಲಂಕಾರಕ್ಕೆ ಹೇಳುತ್ತಿಲ್ಲ, ಅಹಮದಾಬಾದಿನ ಇಸ್ರೋ ಎಂಜಿನಿಯರುಗಳ ವಿನ್ಯಾಸದಲ್ಲೇ ಇದ್ದದ್ದು ಅದು. ಅಗ್ಗ, ಹಗುರ, ಲಾರಿಗೆ ಹೇರಿಕೊಂಡು ಹೋಗಿ ಹಳ್ಳಿಯಲ್ಲೇ ಜೋಡಿಸಬಹುದು.

ಮೇಲೆ, 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ, ಆಫ್ರಿಕಾದ ನೆತ್ತಿಯಲ್ಲಿ ನಿಂತಿದ್ದದ್ದು ಅಮೆರಿಕದ ಎಟಿಎಸ್-6 ಉಪಗ್ರಹ. ಅದು ಇತ್ತ ಕಳಿಸುತ್ತಿದ್ದ ಶಕ್ತಿ 80 ವಾಟ್. ಅಷ್ಟು ಸಣ್ಣ ಶಕ್ತಿಯನ್ನು ಇಲ್ಲಿಯವರೆಗೆ ಮುಟ್ಟಿಸಿದ್ದು ಅದರ 9.14 ಮೀಟರ್ ಅಗಲದ ಡಿಶ್. ಅದೂ ಜಾಲರಿಯದೇ: ತಾಮ್ರ ಲೇಪಿಸಿದ ಡೆಕ್ರಾನ್ ನೂಲಿನ ಬಲೆ, 48 ಅಲ್ಯೂಮಿನಿಯಂ ಪಕ್ಕೆಗಳ ಮೇಲೆ ಬಿಗಿದದ್ದು. ಉಡಾವಣೆಯ ಹೊತ್ತಿಗೆ ಪಕ್ಕೆಗಳು ನಡುವಿನ ಗುಂಬಕ್ಕೆ ಸುತ್ತಿಕೊಂಡಿದ್ದವು. ಮೇಲೆ ಹೋದ ಮೇಲೆ ಬಿಚ್ಚಿಕೊಂಡವು. ಕಳಿಸುವ ತುದಿಯಲ್ಲೂ ಜಾಲರಿ, ಹಿಡಿಯುವ ತುದಿಯಲ್ಲೂ ಜಾಲರಿ. ತೂತೇ ಹೆಚ್ಚು, ಲೋಹವೇ ಕಡಿಮೆ ಇರುವ ಎರಡು ಮೈಗಳ ನಡುವೆ ಕನ್ನಡ ಕಾರ್ಯಕ್ರಮ ಬಂದು ಮುಟ್ಟಿತು.

ಇಷ್ಟು ಹೇಳಿದ ಕೂಡಲೇ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಗೊತ್ತೇ ಇದೆ: ತೂತಿನಿಂದ ಸಿಗ್ನಲ್ ಸೋರಿ ಹೋಗುವುದಿಲ್ಲವೇ? ಪುಸ್ತಕಗಳಲ್ಲಿ ಇದಕ್ಕೊಂದು ಸಿದ್ಧ ಉತ್ತರ ಇರುತ್ತದೆ. ತೂತು ತರಂಗದೂರದ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದಾಗಿದ್ದರೆ ಚಿಂತೆಯಿಲ್ಲ, ತರಂಗಕ್ಕೆ ಅದು ತಗಡೇ. ಈ ಉತ್ತರ ಅರ್ಧ ಸರಿ. ಉಳಿದರ್ಧ ತಪ್ಪು ಯಾಕೆ ಎಂಬುದನ್ನು ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1888ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈನ್ರಿಕ್ ಹರ್ಟ್ಸ್ ಒಂದು ಚೌಕಟ್ಟಿಗೆ ಒಂದು ಮಿಲಿಮೀಟರ್ ದಪ್ಪದ ತಾಮ್ರದ ತಂತಿಗಳನ್ನು ಮೂರು ಮೂರು ಸೆಂಟಿಮೀಟರಿಗೆ ಒಂದರಂತೆ ಸಾಲಾಗಿ ಬಿಗಿದ. ತನ್ನ ಹೊಸ ತರಂಗಗಳ ದಾರಿಯಲ್ಲಿ ಅದನ್ನು ನಿಲ್ಲಿಸಿದ. ತರಂಗದ ವಿದ್ಯುತ್ ಕ್ಷೇತ್ರ ತಂತಿಗಳಿಗೆ ಸಮಾನಾಂತರವಾಗಿದ್ದಾಗ ಚೌಕಟ್ಟು ಅದನ್ನು ತಡೆದು ಹಿಂದಕ್ಕೆ ಕಳಿಸಿತು. ಚೌಕಟ್ಟನ್ನು ಅಡ್ಡಕ್ಕೆ ತಿರುಗಿಸಿದ ಕೂಡಲೇ ತರಂಗ ಏನೂ ಇಲ್ಲವೆಂಬಂತೆ ದಾಟಿಹೋಯಿತು. ಅಲ್ಲಿಗೆ ಜಾಲರಿಯ ಗುಟ್ಟು ಬಯಲಾಯಿತು. ತರಂಗವನ್ನು ಹಿಂದಿರುಗಿಸುವುದು ತಂತಿಯಲ್ಲಿ ಹುಟ್ಟುವ ಕರೆಂಟು. ತರಂಗ ಬಂದು ತಂತಿಯ ಎಲೆಕ್ಟ್ರಾನುಗಳನ್ನು ಓಡಾಡಿಸುತ್ತದೆ, ಆ ಓಡಾಟವೇ ಮತ್ತೆ ತರಂಗವನ್ನು ಹೊಮ್ಮಿಸುತ್ತದೆ. ಕರೆಂಟು ಹರಿಯಲು ದಾರಿ ಇದ್ದರೆ ಪ್ರತಿಫಲನ ಇದೆ, ದಾರಿ ಇಲ್ಲದಿದ್ದರೆ ಇಲ್ಲ. ತೂತಿನ ಗಾತ್ರ ಎರಡನೆಯ ಮಾತು.

ಹತ್ತು ವರ್ಷದ ನಂತರ, 1898ರಲ್ಲಿ, ಇಂಗ್ಲೆಂಡಿನ ಹೊರೇಸ್ ಲ್ಯಾಂಬ್ ಇಂಥ ತಂತಿ ಸಾಲಿನ ಗಣಿತವನ್ನು ಬಿಡಿಸಿದ. ಎಂಜಿನಿಯರುಗಳು ಈಗ ಬಳಸುವ ರೂಪದಲ್ಲಿ ಅದನ್ನು ಬಾಯಲ್ಲೇ ಹೇಳಬಹುದು. ತಂತಿಗಳ ನಡುವಿನ ಅಂತರವನ್ನು ತರಂಗದೂರದಿಂದ ಭಾಗಿಸಿ, ಎರಡರಿಂದ ಗುಣಿಸಿ. ಆಮೇಲೆ ಅಂತರವನ್ನು ತಂತಿಯ ಸುತ್ತಳತೆಯಿಂದ ಭಾಗಿಸಿ, ಅದರ ಸ್ವಾಭಾವಿಕ ಲಾಗರಿತಮ್ ತೆಗೆದು ಮೊದಲಿನದಕ್ಕೆ ಗುಣಿಸಿ. ಬಂದ ಸಂಖ್ಯೆಯ ವರ್ಗವೇ, ಅದು ಸಣ್ಣದಾಗಿದ್ದಾಗ, ಸೋರುವ ಪಾಲು. ಹರ್ಟ್ಸನ ಚೌಕಟ್ಟಿಗೆ, 66 ಸೆಂಟಿಮೀಟರಿನ ಅವನ ತರಂಗಕ್ಕೆ ಹಾಕಿ ನೋಡಿದರೆ ನೂರಕ್ಕೆ ನಾಲ್ಕು ಬರುತ್ತದೆ. ಉಳಿದ 96 ವಾಪಸ್.

ಹತ್ತನೇ ಒಂದರ ಸೂತ್ರ ಎಲ್ಲಿ ಕೈಕೊಡುತ್ತದೆ ಎಂದು ನೋಡಲು ಪುಣೆಯ ಉತ್ತರಕ್ಕೆ, ನಾರಾಯಣಗಾಂವ್ ಬಳಿಯ ಖೋಡದ್‌ಗೆ ಬನ್ನಿ. ಅಲ್ಲಿ ಜಿಎಂಆರ್‌ಟಿ ಎಂಬ ರೇಡಿಯೋ ದೂರದರ್ಶಕ ಇದೆ. ತಲಾ 45 ಮೀಟರ್ ವ್ಯಾಸದ 30 ಡಿಶ್‌ಗಳು. 14 ಡಿಶ್‌ಗಳು ಒಂದು ಚದರ ಕಿಲೋಮೀಟರಿನೊಳಗೆ, ಉಳಿದ 16 ಮೂರು ತೋಳುಗಳಲ್ಲಿ ಸುಮಾರು 25 ಕಿಲೋಮೀಟರ್ ಹರಡಿವೆ. ಇದರ ಹಿಂದಿನ ತಲೆ ರೇಡಿಯೋ ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಅವರದು. 45 ಮೀಟರಿನ ಡಿಶ್ಶನ್ನು ತಗಡಿನಲ್ಲಿ ಮಾಡಿದರೆ ಗಾಳಿಗೆ ನಿಲ್ಲಿಸಲು ಬೇಕಾದ ಉಕ್ಕು, ಮೋಟಾರು, ಅಡಿಪಾಯ, ಎಲ್ಲದರ ಖರ್ಚೂ ಆಗಿನ ನಮ್ಮ ಕೈಗೆ ಎಟುಕುವುದಾಗಿರಲಿಲ್ಲ. ಸ್ವರೂಪ್ ಮತ್ತು ಅವರ ತಂಡ 16 ಉಕ್ಕಿನ ಪರವಲಯ ಚೌಕಟ್ಟುಗಳ ನಡುವೆ ಸ್ಟೇನ್‌ಲೆಸ್ ಉಕ್ಕಿನ ಹಗ್ಗಗಳನ್ನು ಬಿಗಿದು, ಆ ಹಗ್ಗಗಳಿಗೆ ತಂತಿ ಜಾಲರಿಯನ್ನು ಎಳೆದು ಕಟ್ಟಿದರು. ಇದಕ್ಕೆ ಅವರಿಟ್ಟ ಹೆಸರು ‘ಸ್ಮಾರ್ಟ್’; ಹಗ್ಗದ ಕಟ್ಟಿಗೆ ಎಳೆದು ಕೂಡಿಸಿದ ಜಾಲರಿ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳು. ಮೊಬೈಲಿಗೆ ಆ ವಿಶೇಷಣ ಅಂಟುವ ಬಹಳ ಮೊದಲಿನ ಮಾತು.

ತಂತಿಯ ದಪ್ಪ 0.55 ಮಿಲಿಮೀಟರ್. ಆದರೆ ಕಣ್ಣಿನ ಗಾತ್ರ ಎಲ್ಲ ಕಡೆ ಒಂದೇ ಅಲ್ಲ. ನಡುವೆ 10 ಮಿ.ಮೀ., ಆಚೆಗೆ 15, ಅಂಚಿನ ಕಡೆ 20. ಅಂಚಿನ 20 ಮಿ.ಮೀ. ಕಣ್ಣನ್ನೇ ತೆಗೆದುಕೊಳ್ಳಿ. ಆಕಾಶದ ಜಲಜನಕ ಹೊಮ್ಮಿಸುವ 21 ಸೆಂಟಿಮೀಟರ್ ತರಂಗಕ್ಕೆ ಅದು ಹತ್ತನೇ ಒಂದಕ್ಕಿಂತ ಚಿಕ್ಕದೇ. ಪುಸ್ತಕದ ಪ್ರಕಾರ ಅದು ತಗಡು. ಲ್ಯಾಂಬನ ದಾರಿಯ ಲೆಕ್ಕ ಹಾಕಿದರೆ ನೂರಕ್ಕೆ ಸುಮಾರು 18ರಷ್ಟು ಸೋರುತ್ತದೆ! ಕಾರಣ ತಂತಿಯ ತೆಳುವು. ಅಂತರ ಅಷ್ಟೇ ಇಟ್ಟು ತಂತಿಯನ್ನು ತೆಳ್ಳಗೆ ಮಾಡುತ್ತ ಹೋದರೆ ಕರೆಂಟಿನ ದಾರಿ ಕಿರಿದಾಗುತ್ತದೆ, ಸೋರಿಕೆ ಏರುತ್ತದೆ. ಹತ್ತನೇ ಒಂದರ ಸೂತ್ರದಲ್ಲಿ ತಂತಿಯ ದಪ್ಪದ ಸುದ್ದಿಯೇ ಇಲ್ಲ.

ಹಾಗಾದರೆ ಅಂಚಿನಲ್ಲಿ ಅಷ್ಟು ದೊಡ್ಡ ಕಣ್ಣು ಯಾಕೆ ಬಿಟ್ಟರು? ನನಗೆ ಈ ಇಡೀ ಕಥೆಯಲ್ಲಿ ತುಂಬ ಹಿಡಿಸುವ ಭಾಗ ಇದು. ಡಿಶ್ಶಿನ ನಾಭಿಯಲ್ಲಿ ಕೂತ ಗ್ರಾಹಕ ಎಲ್ಲ ಕಡೆಯನ್ನೂ ಸಮನಾಗಿ ನೋಡುವುದಿಲ್ಲ. ನಡುವನ್ನು ಹೆಚ್ಚು, ಅಂಚನ್ನು ಕಡಿಮೆ ನೋಡುತ್ತದೆ. ಅಂಚಿನಲ್ಲಿ ಸೋರಿದ್ದು ಒಟ್ಟು ಲೆಕ್ಕದಲ್ಲಿ ಅಷ್ಟಾಗಿ ಕಾಡುವುದಿಲ್ಲ. ಆದರೆ ಗಾಳಿ ಡಿಶ್ಶನ್ನು ತಿರುಚುವುದು ಅಂಚನ್ನು ಹಿಡಿದು. 20 ಮಿ.ಮೀ. ಕಣ್ಣಿನ ಜಾಲರಿಯಲ್ಲಿ ತಂತಿ ಆವರಿಸುವ ಜಾಗ ನೂರಕ್ಕೆ ಐದೂವರೆ ಮಾತ್ರ; 10 ಮಿ.ಮೀ. ಕಣ್ಣಿನಲ್ಲಿ ಸುಮಾರು 11. ಅಂದರೆ ಸಿಗ್ನಲ್ ಕಡಿಮೆ ಬೀಳುವ ಕಡೆ ಸೋರಿಕೆಯನ್ನು ಒಪ್ಪಿಕೊಂಡು, ಗಾಳಿ ಹೆಚ್ಚು ಹಿಡಿಯುವ ಕಡೆ ಹೊರೆಯನ್ನು ಅರ್ಧ ಮಾಡಿದರು. 327 ಮೆಗಾಹರ್ಟ್ಸ್‌ನಲ್ಲಿ ಅದೇ ದೊಡ್ಡ ಕಣ್ಣು ಸೋರಿಸುವುದು ನೂರಕ್ಕೆ ಒಂದರಷ್ಟು. ದೂರದರ್ಶಕದ ಮುಖ್ಯ ಕೆಲಸವೇ ಉದ್ದ ತರಂಗಗಳದ್ದಾಗಿರುವಾಗ ಇದು ಬುದ್ಧಿವಂತ ವ್ಯಾಪಾರ. ಎಲ್ಲಿ ನಷ್ಟ ಮಾಡಿಕೊಳ್ಳಬಹುದು ಎಂದು ಹೇಳಲಾರದ ಮಾದರಿಯನ್ನು ನಾನು ಎಂಜಿನಿಯರಿಂಗ್ ಮಾದರಿ ಎಂದು ಕರೆಯುವುದಿಲ್ಲ.

ಇಲ್ಲಿಯವರೆಗೆ ಜಾಲರಿ ಕದಲದೆ ಇದೆ ಎಂದುಕೊಂಡೆವು. ಎಳೆದಾಗ ಏನಾಗುತ್ತದೆ?

ಕೋಳಿ ಜಾಲರಿಯ ಒಂದು ತುಂಡನ್ನು ಕೈಯಲ್ಲಿ ಹಿಡಿದು ನೋಡಿ. ಆರು ಮೂಲೆಯ ಕಣ್ಣು. ಎರಡು ತಂತಿ ಹೊಸೆದುಕೊಂಡ ಗಿಡ್ಡ ಗಂಟು ಸುರುಳಿಯ ಉದ್ದಕ್ಕೆ ಮುಖ ಮಾಡಿರುತ್ತದೆ. ಉದ್ದಕ್ಕೆ ಎಳೆದರೆ ಕಣ್ಣು ನೀಳವಾಗುತ್ತದೆ, ಅಗಲ ಕುಗ್ಗುತ್ತದೆ. ಅಡ್ಡಕ್ಕೆ ಎಳೆದರೆ ಇದರ ತಿರುವು ಮುರುವು. ಉದ್ದಕ್ಕೆ ಎಳೆದಾಗ ಉದ್ದಕ್ಕೆ ಓಡುವ ತಂತಿಗಳು ಒಂದಕ್ಕೊಂದು ಹತ್ತಿರ ಬಂದವು, ಅಡ್ಡ ದಾರಿಗಳು ದೂರವಾದವು. ಹರ್ಟ್ಸನ ಪಾಠ ನೆನಪಿಸಿಕೊಂಡರೆ, ಉದ್ದಕ್ಕೆ ಕಂಪಿಸುವ ತರಂಗಕ್ಕೆ ಈ ಜಾಲರಿ ಮೊದಲಿಗಿಂತ ಒಳ್ಳೆಯ ಕನ್ನಡಿಯಾಯಿತು, ಅಡ್ಡಕ್ಕೆ ಕಂಪಿಸುವುದಕ್ಕೆ ಕೆಟ್ಟ ಕನ್ನಡಿಯಾಯಿತು. ಎಷ್ಟು ಕೆಟ್ಟದು? ಮೇಲಿನ 20 ಮಿ.ಮೀ. ಕಣ್ಣು ಎಳೆತಕ್ಕೆ ಒಂದು ದಿಕ್ಕಿನಲ್ಲಿ 22 ಆಯಿತು ಎಂದಿಟ್ಟುಕೊಳ್ಳಿ. 18 ಇದ್ದ ಸೋರಿಕೆ 22ಕ್ಕೆ ಹೋಗುತ್ತದೆ. ಅಳತೆಯಲ್ಲಿ ನೂರಕ್ಕೆ ಹತ್ತು ಬದಲಾದರೆ ನಷ್ಟದಲ್ಲಿ ಇಪ್ಪತ್ತಕ್ಕೂ ಮೇಲೆ. ಖೋಡದ್‌ನ ಜಾಲರಿಯ ಸಂಧಿಗಳು ಬೆಸುಗೆ ಹಾಕಿದವು, ಅವು ಹೀಗೆ ಹಿಗ್ಗುವುದಿಲ್ಲ. ಹೆಣೆದ ಜಾಲರಿ ಹಿಗ್ಗುತ್ತದೆ.

ಸೋರಿಕೆ ಮಾತ್ರವಲ್ಲ. ಜಾಲರಿಯಿಂದ ಹಿಂದಿರುಗುವ ತರಂಗ ತಂತಿಯ ಮಟ್ಟದಿಂದಲೇ ಹಿಂದಿರುಗಿದಂತೆ ಕಾಣುವುದಿಲ್ಲ, ಸ್ವಲ್ಪ ಹಿಂದಿನಿಂದ ಬಂದಂತೆ ಕಾಣುತ್ತದೆ. ನೂರಕ್ಕೆ ನಾಲ್ಕು ಸೋರುವ ಜಾಲರಿಯಲ್ಲಿ, 21 ಸೆಂಟಿಮೀಟರ್ ತರಂಗಕ್ಕೆ, ಈ ‘ಹಿಂದೆ’ ಸುಮಾರು ಮೂರು ಮಿಲಿಮೀಟರ್. ಎಳೆದ ಜಾಲರಿಯಲ್ಲಿ ಎರಡು ದಿಕ್ಕಿಗೂ ಈ ಅಳತೆ ಬೇರೆ ಬೇರೆ. ಅಂದಮೇಲೆ ಓರೆಯಾಗಿ ಕಂಪಿಸುತ್ತ ಬಂದ ತರಂಗ ತನ್ನ ಧ್ರುವೀಕರಣವನ್ನೇ, ಎಂದರೆ ಕಂಪಿಸುವ ಬಗೆಯನ್ನೇ, ಬದಲಿಸಿಕೊಂಡು ಹೋಗುತ್ತದೆ. ಒಂದೇ ಉಪಗ್ರಹದಲ್ಲಿ ಎರಡು ಧ್ರುವೀಕರಣಕ್ಕೆ ಎರಡು ಸಂದೇಶ ಹಾಕಿ ಕಳಿಸುವವರಿಗೆ ಇದು ದೊಡ್ಡ ತಲೆನೋವು.

ಉಪಗ್ರಹದ ಜಾಲರಿಯನ್ನು ಬಟ್ಟೆ ಹೆಣೆಯುವ ಬಗೆಯ ಯಂತ್ರದಲ್ಲೇ ಹೆಣೆಯುತ್ತಾರೆ. ತಂತಿ ಮಾಲಿಬ್ಡಿನಮ್, ದಪ್ಪ ಸುಮಾರು 0.03 ಮಿ.ಮೀ., ಮೇಲೆ ಚಿನ್ನದ ಲೇಪ. ಮಾಲಿಬ್ಡಿನಮ್ ಗಟ್ಟಿ, ಬಿಸಿಲಿಗೆ ಹೆಚ್ಚು ಹಿಗ್ಗದು. ಚಿನ್ನ ಶೋಕಿಗಲ್ಲ, ಸಂಧಿಗೆ. ಹೆಣಿಗೆಯಲ್ಲಿ ತಂತಿಗೆ ತಂತಿ ಬೆಸೆದಿರುವುದಿಲ್ಲ, ಕೊಂಡಿಗೆ ಕೊಂಡಿ ಒರಗಿಕೊಂಡಿರುತ್ತದೆ. ಕರೆಂಟು ಆ ಒರಗಿನಲ್ಲೇ ದಾಟಬೇಕು. ಎಳೆತ ಕಡಿಮೆಯಾದರೆ ಒರಗು ಸಡಿಲ, ಕರೆಂಟಿಗೆ ತಡೆ. ಹೆಚ್ಚು ಶಕ್ತಿ ಕಳಿಸುವ ಉಪಗ್ರಹದಲ್ಲಿ ಇಂಥ ಸಡಿಲ ಸಂಧಿಗಳು ಎರಡು ಸಿಗ್ನಲ್‌ಗಳನ್ನು ಕಲಸಿ ಮೂರನೆಯ ಒಂದನ್ನು ಹುಟ್ಟಿಸುತ್ತವೆ. ಅದು ಗ್ರಾಹಕದ ಕಿವಿಗೇ ಬೀಳುತ್ತದೆ. ಹಾಗೆಂದು ಬಿಗಿ ಎಳೆದರೆ ಕಣ್ಣು ಹಿಗ್ಗುತ್ತದೆ, ಹಗುರವಾದ ಚೌಕಟ್ಟು ಬಾಗುತ್ತದೆ. ಎರಡರ ನಡುವೆ ಒಂದು ಕಿರಿದಾದ ಜಾಗ. ಅದನ್ನು ಹುಡುಕುವುದೇ ಕೆಲಸ.

ಸಂಧಿಯನ್ನು ಲೆಕ್ಕಕ್ಕೆ ತಂದವರಲ್ಲಿ ಸೋವಿಯತ್ ಒಕ್ಕೂಟದವರನ್ನು ನೆನೆಯಬೇಕು. ಕೊಂಟೊರೊವಿಚ್, ಆಮೇಲೆ 1968ರಲ್ಲಿ ಅಸ್ತ್ರಖಾನ್, ಜಾಲರಿಯ ಒಂದೊಂದು ತಂತಿಯನ್ನೂ ನೋಡುವ ಬದಲು ಇಡೀ ಮೈಗೆ ಸರಾಸರಿ ನಿಯಮ ಬರೆದರು. ಸಂಧಿ ಕೂಡಿದ್ದರೆ ಒಂದು ಫಲ, ಬಿಟ್ಟಿದ್ದರೆ ಇನ್ನೊಂದು. ಕಣ್ಣು ಚಿಕ್ಕದಿದ್ದಷ್ಟು ಕಾಲ ಈ ಸರಾಸರಿ ಚೆನ್ನಾಗಿ ನಡೆಯುತ್ತದೆ. ಹೆಣಿಗೆಯ ವಕ್ರ ಕೊಂಡಿಗಳಿಗೆ ಸಾಲದು. 1991ರಲ್ಲಿ ಇಂಬ್ರಿಯಾಲೆ, ಗಲಿಂಡೊ-ಇಸ್ರೇಲ್, ರಹಮತ್-ಸಮಿಯಿ ಎಂಬ ಮೂವರು ಹೆಣೆದ ಜಾಲರಿಯ ಒಂದು ಕಣ್ಣನ್ನು ಅದರ ನಿಜ ಆಕಾರದಲ್ಲೇ ತೆಗೆದುಕೊಂಡು, ಅದೇ ಕಣ್ಣು ಎಲ್ಲ ದಿಕ್ಕಿಗೂ ಕೊನೆಯಿಲ್ಲದೆ ಮರುಕಳಿಸುತ್ತದೆ ಎಂಬ ಆಧಾರದ ಮೇಲೆ ಕರೆಂಟನ್ನು ಬಿಡಿಸಿದರು. ಈಗ ಕಾಲೇಜಿನ ಕಂಪ್ಯೂಟರಿನಲ್ಲೂ ಇದು ಸಾಧ್ಯ. ತೊಡಕಿರುವುದು ‘ಅದೇ ಕಣ್ಣು’ ಎಂಬ ಮಾತಿನಲ್ಲಿ. ಬಿಗಿದ ಡಿಶ್ಶಿನಲ್ಲಿ ಯಾವ ಎರಡು ಕಣ್ಣೂ ಒಂದೇ ಅಲ್ಲ. ಪಕ್ಕೆಯ ಬಳಿ ಒಂದು ಎಳೆತ, ನಡುವೆ ಇನ್ನೊಂದು. ಹೀಗಾಗಿ ಮೊದಲು ಎಳೆತದ ಲೆಕ್ಕ ಹಾಕಿ ಪ್ರತಿ ಜಾಗದ ಕಣ್ಣಿನ ಆಕಾರ ತಿಳಿದು, ಆ ಆಕಾರಕ್ಕೆ ಪ್ರತಿಫಲನ ಬಿಡಿಸಿ, ಕೊನೆಗೆ ಎಲ್ಲವನ್ನೂ ಕೂಡಿಸಬೇಕು. ಮೊದಲ ಲೆಕ್ಕ ಸಿವಿಲ್, ಮೆಕ್ಯಾನಿಕಲ್‌ನವರದು, ಎರಡನೆಯದು ಎಲೆಕ್ಟ್ರಾನಿಕ್ಸ್‌ನವರದು. ಈ ಇಬ್ಬರೂ ಒಂದೇ ಮೇಜಿಗೆ ಬರುವುದು ನಮ್ಮಲ್ಲಿ ಅಪರೂಪ.

ಬಿಗಿತದ ಮೂರನೆಯ ಕಾಟ ಆಕಾರದ್ದು. ಕಂಬಗಳಿಗೆ ಎಳೆದು ಕಟ್ಟಿದ ಶಾಮಿಯಾನದ ಬಟ್ಟೆ ಎಂದೂ ಬೋಗುಣಿಯಾಗುವುದಿಲ್ಲ. ಒಂದು ದಿಕ್ಕಿಗೆ ತಗ್ಗಿದರೆ ಇನ್ನೊಂದು ದಿಕ್ಕಿಗೆ ಉಬ್ಬುತ್ತದೆ. ಜಾಲರಿಯೂ ಹಾಗೆಯೇ. ಪಕ್ಕೆಗಳನ್ನು ಎಷ್ಟೇ ನಿಖರವಾಗಿ ಪರವಲಯಕ್ಕೆ ಬಗ್ಗಿಸಿ, ಪಕ್ಕೆಗಳ ನಡುವೆ ಜಾಲರಿ ತನ್ನ ಪಾಡಿಗೆ ಒಳಕ್ಕೆ ಸರಿದುಕೊಳ್ಳುತ್ತದೆ. ಆಂಟೆನಾ ಎಂಜಿನಿಯರ್ ಜಾನ್ ರೂಜ್ ಕೊಟ್ಟ ಸೂತ್ರ ಹೇಳುವುದು: ಮೈಯ ತಪ್ಪು ಸರಾಸರಿ ಒಂದು ಸೆಂಟಿಮೀಟರ್ ಇದ್ದರೆ 21 ಸೆಂಟಿಮೀಟರ್ ತರಂಗದಲ್ಲಿ ನೂರಕ್ಕೆ 30 ಹೋಯಿತು. ಸೋರಿಕೆಗಿಂತ ಇದು ದೊಡ್ಡ ನಷ್ಟ. ಇದಕ್ಕೆ ಮದ್ದು ಒಂದೇ: ಉಬ್ಬಿನ ಜೊತೆ ಗುದ್ದಾಡದೆ ಬೋಗುಣಿಯನ್ನು ಚಪ್ಪಟೆ ತುಂಡುಗಳಾಗಿ ಒಡೆಯುವುದು. ತುಂಡಿನ ಬದಿ ಅರ್ಧವಾದರೆ ತಪ್ಪು ಕಾಲುಭಾಗಕ್ಕೆ ಇಳಿಯುತ್ತದೆ. ಖೋಡದ್‌ನಲ್ಲಿ ಹಗ್ಗಗಳು ಮಾಡುವುದು ಇದನ್ನೇ.

ಊಟಿಯ ರೇಡಿಯೋ ದೂರದರ್ಶಕದ್ದು ಬೇರೆಯೇ ಜಾಣತನ. 1970ರಲ್ಲಿ ಮುಗಿದ ಅದೂ ಸ್ವರೂಪ್ ಅವರ ಕಲ್ಪನೆಯೇ. 530 ಮೀಟರ್ ಉದ್ದ, 30 ಮೀಟರ್ ಅಗಲದ ತೊಟ್ಟಿಯಾಕಾರ. ಅಲ್ಲಿ ಜಾಲರಿಯೇ ಇಲ್ಲ. 1100 ತಂತಿಗಳು ಉದ್ದಕ್ಕೆ ಓಡುತ್ತವೆ, ದಪ್ಪ 0.38 ಮಿ.ಮೀ. ಅಡ್ಡ ತಂತಿ ಬೇಡ, ಯಾಕೆಂದರೆ ಈ ದೂರದರ್ಶಕ ತಂತಿಗಳುದ್ದದ ಉತ್ತರ-ದಕ್ಷಿಣ ಧ್ರುವೀಕರಣವನ್ನು ಮಾತ್ರ ಹಿಡಿಯುತ್ತದೆ. ಉದ್ದಕ್ಕೆ ಬಾಗಿಲ್ಲದ ಕಾರಣ ಉಬ್ಬಿನ ಕಾಟವೂ ಇಲ್ಲ. ಬರಿಯ ಹರ್ಟ್ಸನ ಚೌಕಟ್ಟು, ಅರ್ಧ ಕಿಲೋಮೀಟರ್ ಉದ್ದಕ್ಕೆ! ಸೋರಿಕೆ, ನನ್ನ ಲೆಕ್ಕದಲ್ಲಿ, ನೂರಕ್ಕೆ ಮೂರರಷ್ಟು. ಅಲ್ಲಿ ಉಳಿಯುವ ಚಿಂತೆ ಜೋಲು. ಚೌಕಟ್ಟಿನಿಂದ ಚೌಕಟ್ಟಿಗೆ 23 ಮೀಟರ್. ಅಷ್ಟು ದೂರಕ್ಕೆ ಇಂಥ ತಂತಿಯನ್ನು ಐದು ಕಿಲೋ ತೂಕದಷ್ಟು ಎಳೆದರೆ ನಡುವೆ 12 ಮಿಲಿಮೀಟರ್ ಜೋಲುತ್ತದೆ, ಎಳೆತ ಅರ್ಧವಾದರೆ 24. ಹಗಲು ರಾತ್ರಿ 20 ಡಿಗ್ರಿ ಏರಿಳಿದರೆ 530 ಮೀಟರ್ ಉಕ್ಕು ಸುಮಾರು 18 ಸೆಂಟಿಮೀಟರ್ ಹಿಗ್ಗಿ ಕುಗ್ಗುತ್ತದೆ. 92 ಸೆಂಟಿಮೀಟರಿನ ತರಂಗಕ್ಕೆ ಈ ಜೋಲೆಲ್ಲ ಸಹ್ಯ.

ಗೆಲಿಲಿಯೋ ನೌಕೆಯ ಮಾತು ಬಿಟ್ಟರೆ ಈ ವಿಷಯಕ್ಕೆ ನ್ಯಾಯವಾಗದು. ಗುರುಗ್ರಹಕ್ಕೆ ಹೊರಟ ಅದರ 4.8 ಮೀಟರಿನ ಆಂಟೆನಾಕ್ಕೆ 18 ಪಕ್ಕೆ, ಚಿನ್ನದ ಲೇಪದ ಮಾಲಿಬ್ಡಿನಮ್ ಜಾಲರಿ. 1991ರ ಏಪ್ರಿಲ್ 11ರಂದು ಬಿಚ್ಚಲು ಆಜ್ಞೆ ಹೋಯಿತು. ಕೆಲವು ಪಕ್ಕೆಗಳು ಅಂಟಿಕೊಂಡೇ ಉಳಿದವು. ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದಿಂದಾಗಿ ಉಡಾವಣೆ ವರ್ಷಗಟ್ಟಲೆ ಮುಂದೆ ಹೋಗಿ, ಆಂಟೆನಾ ಕ್ಯಾಲಿಫೋರ್ನಿಯಾ, ಫ್ಲೋರಿಡಾ ನಡುವೆ ಲಾರಿಯಲ್ಲಿ ಅಲೆದಾಡುವಾಗ ಕೀಲೆಣ್ಣೆಯ ಬದಲು ಹಚ್ಚಿದ್ದ ಒಣ ಲೇಪ ಸವೆದಿತ್ತೆಂಬುದು ತನಿಖೆಯ ತೀರ್ಮಾನ. ಪ್ರತಿಫಲನದ ಲೆಕ್ಕದಲ್ಲಿ ದೋಷವಿರಲಿಲ್ಲ. ಬಿಗಿಯಾಗದ ಜಾಲರಿಗೆ ಆ ಲೆಕ್ಕ ಅನ್ವಯಿಸಲೇ ಇಲ್ಲ. ಸಣ್ಣ ಆಂಟೆನಾ ಒಂದರಿಂದಲೇ ಸೆಕೆಂಡಿಗೆ ನೂರರ ಆಸುಪಾಸಿನ ಬಿಟ್‌ಗಳಂತೆ ಗುರುಗ್ರಹದ ಮಾಹಿತಿ ಭೂಮಿಗೆ ತಲುಪಿತು.

ಈಚಿನ ಉದಾಹರಣೆ ನಿಸಾರ್. ಇಸ್ರೋ, ನಾಸಾ ಸೇರಿ ಮಾಡಿದ ಈ ಉಪಗ್ರಹದ ಜೋಡಣೆ ನಡೆದದ್ದು ಬೆಂಗಳೂರಿನಲ್ಲಿ. ಅದರ 12 ಮೀಟರಿನ ಜಾಲರಿ ಮಡಚಿಕೊಂಡಿರುವಾಗ ನಿರೀಕ್ಷೆಗಿಂತ ಹೆಚ್ಚು ಕಾಯಬಹುದೆಂಬ ಲೆಕ್ಕ ಬಂದದ್ದೇ ಅದನ್ನು ಕ್ಯಾಲಿಫೋರ್ನಿಯಾಕ್ಕೆ ವಾಪಸ್ ಕಳಿಸಿ, ಬಿಸಿಲು ತಡೆವ ಲೇಪ ಕೊಡಿಸಿ, 2024ರ ಅಕ್ಟೋಬರಿನಲ್ಲಿ ಮತ್ತೆ ಬೆಂಗಳೂರಿಗೆ ತರಿಸಿದರು. ತಡವಾಯಿತೆಂದು ಗೊಣಗಿದವರಿದ್ದರು, ಗೆಲಿಲಿಯೋ ಕಥೆ ಬಲ್ಲವರು ಗೊಣಗಲಾರರು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋಯಿತು, ಆಗಸ್ಟ್ 15ರಂದು ಜಾಲರಿ ಬಿಚ್ಚಿಕೊಂಡು ಬಿಗಿಯಾಯಿತು. 24 ಮತ್ತು 10 ಸೆಂಟಿಮೀಟರಿನ ಎರಡು ರೇಡಾರುಗಳಿಗೂ ಅದೊಂದೇ ಕನ್ನಡಿ.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕಾಲೇಜಿನಲ್ಲೇ ಮಾಡಬಹುದಾದ ಪ್ರಾಜೆಕ್ಟ್ ಇದು. ಅರ್ಧ ಇಂಚು ಕಣ್ಣಿನ, 0.7 ಮಿ.ಮೀ. ತಂತಿಯ ಜಾಲರಿ ತನ್ನಿ. ವೈಫೈಯ 2.4 ಗಿಗಾಹರ್ಟ್ಸ್‌ಗೆ ಅದು ನೂರಕ್ಕೆ ಹನ್ನೊಂದರಷ್ಟು ಸೋರಬೇಕೆಂದು ಸೂತ್ರ ಹೇಳುತ್ತದೆ. ಮರದ ಚೌಕಟ್ಟಿಗೆ ಕಟ್ಟಿ, ಒಂದು ಬದಿಗೆ ತೂಕದ ಕಲ್ಲು ಇಳಿಬಿಟ್ಟು, ತೂಕ ಏರಿಸಿದಂತೆ ಸೋರಿಕೆಯನ್ನು ಎರಡೂ ದಿಕ್ಕಿಗೆ ಅಳೆಯಿರಿ. ಸುತ್ತಲಿನಿಂದ ಬಳಸಿ ಬರುವ ಸಿಗ್ನಲ್ ತಡೆಯಲು ಚೌಕಟ್ಟು ದೊಡ್ಡದಿರಲಿ. ತಂಡದಲ್ಲಿ ಎಲೆಕ್ಟ್ರಾನಿಕ್ಸ್‌ನವರಷ್ಟೇ ಸಿವಿಲ್ ವಿಭಾಗದವರೂ ಇರಲಿ. ಅಳೆದ ಅಂಕಿಗಳನ್ನು ಕನ್ನಡದಲ್ಲೇ ಬರೆದು ತಂದರೆ ಕೂತು ಓದಲು ನಾನು ಸಿದ್ಧ.